ಮಳೆಗಾಲದ ಪ್ರವಾಸ: ಎಲ್ಲರಿಗಿಂತ ನಿಧಾನ ನಡೆಯುವವರೇ ಮುಂದೆ ಇರಲಿ

*ಆರೋಗ್ಯ ಲೇಖನಮಾಲೆ: ಹೊರನಾಡ ಕನ್ನಡ ಕುಟುಂಬಗಳಿಗಾಗಿ*



ಮಳೆ ಶುರುವಾಗಿ ಎಂಟು ದಿನ ಆಗಿರುವುದಿಲ್ಲ, ಗ್ರೂಪಿನಲ್ಲಿ ಫೋಟೋಗಳು ಬರತೊಡಗುತ್ತವೆ. ಪುಣೆಯವರು ಸಿಂಹಗಡ, ಮುಂಬೈಯವರು ಲೋಣಾವಳ, ಹೈದರಾಬಾದಿನವರು ಅನಂತಗಿರಿ, ಚೆನ್ನೈಯವರು ಏಲಗಿರಿ. ದಿಲ್ಲಿಯವರಂತೂ ಮನಾಲಿ ದಾಟಿ ಹೋಗಿರುತ್ತಾರೆ. ನೋಡಿದರೆ ಖುಷಿಯಾಗುತ್ತದೆ. ವಾರವೆಲ್ಲ ಲೋಕಲ್ ಟ್ರೇನು, ಆಫೀಸು, ಫ್ಲ್ಯಾಟಿನ ಗೋಡೆ ನೋಡಿದ ಕಣ್ಣಿಗೆ ಹಸಿರು ಬೇಕೇ ಬೇಕು.

ಆದರೆ ಆ ಫೋಟೋಗಳನ್ನು ಒಮ್ಮೆ ಸರಿಯಾಗಿ ನೋಡಿ. ಮಕ್ಕಳು ಮುಂದೆ ನಗುತ್ತಿರುತ್ತಾರೆ. ಊರಿನಿಂದ ಬಂದ ಅಪ್ಪನೋ ಅತ್ತೆಯೋ ಮೂಲೆಯಲ್ಲಿ ಕಲ್ಲಿನ ಮೇಲೆ ಕುಳಿತಿರುತ್ತಾರೆ, ಇಲ್ಲವೇ ಫೋಟೋದಲ್ಲಿ ಇರುವುದೇ ಇಲ್ಲ. ಇಂದಿನ ಲೇಖನ ಅವರಿಂದಲೇ ಶುರುವಾಗುತ್ತದೆ.

*ನಮ್ಮ ಮನೆಯಲ್ಲಿ ನಡೆದದ್ದು*

ನಾನು ವೈದ್ಯಳಲ್ಲ, ನರ್ಸ್. ಊರು ಧಾರವಾಡ ಕಡೆ, ಪುಣೆಗೆ ಬಂದು 19 ವರ್ಷವಾಯಿತು. ಮೂರು ವರ್ಷದ ಹಿಂದೆ ಜುಲೈ ತಿಂಗಳ ಒಂದು ಭಾನುವಾರ ಅತ್ತೆ-ಮಾವ, ಇಬ್ಬರು ಮಕ್ಕಳು, ನಾವಿಬ್ಬರು ಸೇರಿ ಸಿಂಹಗಡ ಹತ್ತಲು ಹೊರಟೆವು. ಮಾವನವರಿಗೆ ಆಗ 69. ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ. ಬೆಳಿಗ್ಗೆ ಆರಕ್ಕೆ ಸಕ್ಕರೆ ಇಲ್ಲದ ಚಹಾ ಕುಡಿದು, ಎಂದಿನ ಮಾತ್ರೆ ನುಂಗಿದರು. ಅವಲಕ್ಕಿ ಕೊಟ್ಟರೆ ಬೇಡ ಅಂದರು. "ಗಡದ ಮ್ಯಾಲೆ ಪಿಠ್ಲ-ಭಾಕರಿ ಸಿಗತದಲ್ಲ, ನಮ್ಮ ಜುಣಕ-ರೊಟ್ಟಿ ಇದ್ಧಂಗ. ಹೊಟ್ಟಿ ಖಾಲಿ ಇಟ್ಕೊಂಡ ಹೋಗತೇನಿ." ನಾವೆಲ್ಲ ನಕ್ಕೆವು. ನಾನೂ ನಕ್ಕೆ.

ಸಿಂಹಗಡ ಸಮುದ್ರಮಟ್ಟದಿಂದ ಸುಮಾರು 1,300 ಮೀಟರ್ ಎತ್ತರದಲ್ಲಿದೆ. ಬುಡದ ಊರಿನಿಂದ ಕಾಲುದಾರಿಯಲ್ಲಿ ಏರಬೇಕಾದದ್ದು ಹತ್ತಿರಹತ್ತಿರ 600 ಮೀಟರ್. ಒಂದು ಮಹಡಿಗೆ ಮೂರು ಮೀಟರ್ ಎಂದು ಲೆಕ್ಕ ಹಾಕಿ, ಇನ್ನೂರು ಮಹಡಿ ಆಯಿತು. ಈ ಲೆಕ್ಕ ನಾನು ಹಾಕಿದ್ದು ಆಮೇಲೆ.

ಮಕ್ಕಳು ಅಪ್ಪನ ಜೊತೆ ಓಡಿದರು. ನಾನು ಅತ್ತೆಯವರ ಕೈ ಹಿಡಿದು ನಡುವೆ. ಮಾವನವರು ಎಲ್ಲರಿಗಿಂತ ಹಿಂದೆ. ತಿರುಗಿ ನೋಡಿದಾಗಲೆಲ್ಲ ಒಂದೇ ಮಾತು: "ನೀವು ಮುಂದ ನಡೀರಿ, ನಾ ಬರತೇನಿ."

ಮೂರನೇ ಒಂದು ಭಾಗ ಏರಿರಬಹುದು. ಹಿಂದೆ ನೋಡಿದರೆ ಕಾಣಲಿಲ್ಲ. ಇಳಿದು ಬಂದರೆ ಶರಬತ್ತು ಮಾರುವ ಹೆಂಗಸಿನ ಅಂಗಡಿ ಪಕ್ಕ ಕುಳಿತಿದ್ದರು. ಸೋನೆ ಮಳೆ, ತಣ್ಣನೆ ಗಾಳಿ, ಆದರೂ ಅಂಗಿ ಬೆವರಿನಿಂದ ಒದ್ದೆ. ನೀರು ಕೊಡಲು ಹೋದೆ, "ಎದಕ ತ್ರಾಸ ಕೊಡತೀರಿ ನನಗ!" ಎಂದು ರೇಗಿದರು. ಮನೆಯಲ್ಲಿ ಎಂದೂ ದನಿ ಎತ್ತಿದವರಲ್ಲ. "ಅವರಿಗೆ ಸಿಟ್ಟು ಬಂದದ, ಸುಮ್ಮನ ಬಿಡವಾ" ಅಂದರು ಅತ್ತೆ. ನಾನೂ ಸುಮ್ಮನಾದೆ. ಐದು ನಿಮಿಷ ಕಳೆಯಿತು. ಆಮೇಲೆ ಮಾವನವರು ನನ್ನನ್ನು ನೋಡಿ ಕೇಳಿದರು: "ಬಸ್ ಎಷ್ಟಕ್ಕದ?"

ಅಲ್ಲಿ ಯಾವ ಬಸ್ಸೂ ಇರಲಿಲ್ಲ.

ನಾನು ಬಾಯಿ ತೆರೆಯುವ ಮೊದಲೇ ಶರಬತ್ತಿನ ಹೆಂಗಸು ಹೇಳಿದಳು: "ಆಜೋಬಾಂಚೀ ಸಾಖರ್ ಕಮೀ ಝಾಲೀಯೇ." ಅಜ್ಜನವರ ಸಕ್ಕರೆ ಇಳಿದಿದೆ ಅಂತ. ಅವಳೇ ಲೋಟಕ್ಕೆ ಇನ್ನೂ ಸಕ್ಕರೆ ಹಾಕಿ ಕಲಕಿ ಕೊಟ್ಟಳು. ಕುಡಿಸಿದೆವು. ಹದಿನೈದು ನಿಮಿಷದಲ್ಲಿ ಕಣ್ಣಿಗೆ ಕಳೆ ಬಂತು. ಸುತ್ತ ನೋಡಿ, "ಹುಡುಗರೆಲ್ಲಿ?" ಅಂದರು. ಬಾಳೆಹಣ್ಣು, ಬಿಸ್ಕತ್ತು ತಿನ್ನಿಸಿ, ಅರ್ಧ ಗಂಟೆ ಕೂರಿಸಿ, ನಿಧಾನ ಇಳಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು.

ವಾರ್ಡಿನಲ್ಲಿ ಇದೇ ಲಕ್ಷಣ ಕಂಡಿದ್ದರೆ ಅರ್ಧ ನಿಮಿಷದಲ್ಲಿ ಗುರುತಿಸುತ್ತಿದ್ದೆ. ಬೆಟ್ಟದ ಮೇಲೆ ಅವರು ನನಗೆ ರೋಗಿಯಾಗಿ ಕಾಣಲಿಲ್ಲ, ಸಿಟ್ಟಾದ ಮಾವನಾಗಿ ಕಂಡರು. ಆ ರಾತ್ರಿ ಅವರು ಹೇಳಿದ್ದು ಕೇಳಿ: ಕೈ ನಡುಗಲು ಶುರುವಾಗಿ ಅರ್ಧ ಗಂಟೆಯೇ ಆಗಿತ್ತಂತೆ. "ಹುಡುಗರ ಸಂತೋಷ ಯಾಕ ಕೆಡಸಬೇಕಂತ ಹೇಳಲಿಲ್ಲ."

ಹಿರಿಯರು ಹೇಳುವುದಿಲ್ಲ. ನಮ್ಮ ರಜೆ, ನಮ್ಮ ಖರ್ಚು, ಮೊಮ್ಮಕ್ಕಳ ಉತ್ಸಾಹ ಹಾಳಾಗಬಾರದೆಂದು ನುಂಗಿಕೊಳ್ಳುತ್ತಾರೆ. ಆದ್ದರಿಂದ ಅವರು ಹೇಳಲಿ ಎಂದು ಕಾಯುವ ಬದಲು, ಅವರು ಹೇಳಬೇಕಾದ ಪ್ರಮೇಯವೇ ಬರದ ಹಾಗೆ ನಾವು ಹೊರಡಬೇಕು. ಹೇಗೆ ಎಂಬುದನ್ನು ಒಂದೊಂದಾಗಿ ನೋಡೋಣ.

*1. ಸಕ್ಕರೆ ಇಳಿಯುವುದನ್ನು ಗುರುತಿಸಿ*

ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಿಗೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯುವುದು ಅಪರೂಪ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್, ಗ್ಲಿಕ್ಲಾಜೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರಿಗೆ ಇಳಿಯಬಹುದು. ಈ ಮಾತ್ರೆಗಳು ಹೊಟ್ಟೆಗೆ ಊಟ ಬಿದ್ದಿದೆಯೋ ಇಲ್ಲವೋ ನೋಡುವುದಿಲ್ಲ, ಇನ್ಸುಲಿನ್ ಬಿಡಿಸುತ್ತಲೇ ಇರುತ್ತವೆ. ಜೊತೆಗೆ ಬೆಟ್ಟ ಏರುವ ಕಾಲಿನ ಸ್ನಾಯು ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. ಮಾತ್ರೆ, ಖಾಲಿ ಹೊಟ್ಟೆ, ಏರಿಕೆ ಮೂರೂ ಒಂದಾದಾಗ ನಮ್ಮ ಮಾವನವರಿಗೆ ಆದದ್ದೇ ಆಗುತ್ತದೆ.

ಗ್ಲುಕೋಮೀಟರ್‌ನಲ್ಲಿ 70ಕ್ಕಿಂತ ಕಡಿಮೆ ಬಂದರೆ ಸಕ್ಕರೆ ಇಳಿದಿದೆ ಎಂದು ಅರ್ಥ. ಯಂತ್ರ ಇಲ್ಲದಿದ್ದರೆ ಲಕ್ಷಣ ನೋಡಿ: ತಣ್ಣನೆ ಬೆವರು, ಕೈ ನಡುಕ, ಎದೆ ಬಡಿತ, ಹಸಿವು, ಕಣ್ಣು ಮಂಜು. ಮುಂದುವರಿದರೆ ಕಾರಣವಿಲ್ಲದ ಸಿಟ್ಟು, ಸಂಬಂಧವಿಲ್ಲದ ಮಾತು, ಕುಡಿದವರಂತೆ ತೂರಾಟ. ಬಿಪಿಗೆ, ಹೃದಯಕ್ಕೆ ಕೊಡುವ ಬೀಟಾ ಬ್ಲಾಕರ್ ಗುಂಪಿನ ಮಾತ್ರೆಗಳು ನಡುಕ ಮತ್ತು ಎದೆ ಬಡಿತವನ್ನು ಮುಚ್ಚಿಬಿಡುತ್ತವೆ. ಅಂಥವರಲ್ಲಿ ಬೆವರೊಂದೇ ಕಾಣಬಹುದು. ಅನುಮಾನ ಬಂದರೆ ಸಕ್ಕರೆ ಕೊಟ್ಟೇಬಿಡಿ.

ಎಷ್ಟು ಕೊಡಬೇಕು? ಮೂರು ಟೀ ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿ, ಅಂದರೆ ಸುಮಾರು 15 ಗ್ರಾಂ, ನೀರಿನಲ್ಲಿ ಕಲಸಿ ಕುಡಿಸಿ. 15 ನಿಮಿಷ ಕಾಯಿರಿ. ಸುಧಾರಿಸದಿದ್ದರೆ ಮತ್ತೆ ಅಷ್ಟೇ ಕೊಡಿ. ಚಾಕೊಲೇಟು, ಪೇಢೆ ಮೊದಲು ಕೊಡಬೇಡಿ, ಅದರ ಕೊಬ್ಬಿನಿಂದ ಸಕ್ಕರೆ ರಕ್ತ ಸೇರುವುದು ತಡವಾಗುತ್ತದೆ. ಸುಧಾರಿಸಿದ ಮೇಲೆ ಬಿಸ್ಕತ್ತೋ ರೊಟ್ಟಿಯೋ ತಿನ್ನಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ. ಮಗ್ಗುಲಿಗೆ ಮಲಗಿಸಿ, ಆಂಬುಲೆನ್ಸ್ ಕರೆಯಿರಿ.

ಒಮ್ಮೆ ಚೇತರಿಸಿಕೊಂಡರೆ ಮುಗಿಯಿತು ಅಂದುಕೊಳ್ಳಬೇಡಿ. ಗ್ಲಿಮೆಪಿರೈಡ್‌ನಂಥ ಮಾತ್ರೆಯ ಪ್ರಭಾವ ಇಡೀ ದಿನ ಇರುತ್ತದೆ, ಸಕ್ಕರೆ ಮತ್ತೆ ಇಳಿಯಬಹುದು. ಅದಕ್ಕೇ ಮಾವನವರನ್ನು ಆಸ್ಪತ್ರೆಯಲ್ಲಿ ಸಂಜೆಯವರೆಗೆ ಇರಿಸಿಕೊಂಡರು. ಪ್ರವಾಸದ ದಿನ ಮಾತ್ರೆಯ ಪ್ರಮಾಣ ಬದಲಿಸಬೇಕೇ ಎಂದು ವೈದ್ಯರನ್ನು ಮೊದಲೇ ಕೇಳಿ. ನೀವಾಗಿಯೇ ಬಿಡಬೇಡಿ. ಮಾತ್ರೆ ನುಂಗಿದ ಮೇಲೆ ತಿಂಡಿ ತಿನ್ನದೆ ಯಾರನ್ನೂ ಕಾರು ಹತ್ತಿಸಬೇಡಿ.

*2. ಹೊರಡುವ ವಾರದ ಮೊದಲೇ*

ಮನೆಯ ಹಿರಿಯರ ಜೊತೆ ಒಮ್ಮೆ ಎರಡು ಮಹಡಿ ಮೆಟ್ಟಿಲು ಹತ್ತಿ ನೋಡಿ, ಲಿಫ್ಟ್ ಬೇಡ. ನಿಲ್ಲದೆ, ಏದುಸಿರು ಬಿಡದೆ, ಎದೆ ಹಿಡಿಯದೆ ಹತ್ತಿದರೆ ಸಣ್ಣ ಏರಿಕೆಯ ದಾರಿ ಯೋಚಿಸಬಹುದು. ಆಗದಿದ್ದರೆ ಬೆಟ್ಟದ ಯೋಜನೆ ಬಿಟ್ಟು ವೈದ್ಯರ ಬಳಿ ಹೋಗಿ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು, ಅಸ್ತಮಾ ಇರುವವರು, ಗರ್ಭಿಣಿಯರು ಹೇಗೂ ಕೇಳಿಯೇ ಹೊರಡಬೇಕು.

ಮಾತ್ರೆಗಳನ್ನು ಕೈಚೀಲದಲ್ಲಿ ಇಡಿ, ಡಿಕ್ಕಿಯ ಬ್ಯಾಗಿನಲ್ಲಿ ಬೇಡ. ಎರಡು ದಿನದ್ದು ಹೆಚ್ಚಿಗೆ ಇರಲಿ. ಮಾತ್ರೆಯ ಚೀಟಿಯ ಫೋಟೋ ಮನೆಯ ಇಬ್ಬರ ಮೊಬೈಲಿನಲ್ಲಿರಲಿ. ಇನ್ಸುಲಿನ್ ಡ್ಯಾಶ್‌ಬೋರ್ಡ್ ಮೇಲೆ ಇಟ್ಟರೆ ಬಿಸಿಲಿಗೆ ಕೆಡುತ್ತದೆ, ಐಸ್‌ಗೆ ನೇರ ತಾಗಿ ಹೆಪ್ಪುಗಟ್ಟಿದರೂ ಕೆಡುತ್ತದೆ. ಬಟ್ಟೆಯಲ್ಲಿ ಸುತ್ತಿ ತಂಪು ಚೀಲದಲ್ಲಿಡಿ.

*3. ಕಾರಿನಲ್ಲಿ*

ನಮ್ಮವರ ಒಂದು ಅಭ್ಯಾಸ ನನಗೆ ಎಳ್ಳಷ್ಟೂ ಹಿಡಿಸುವುದಿಲ್ಲ, ಬೇಜಾರಾದರೂ ಪರವಾಗಿಲ್ಲ, ಹೇಳುತ್ತೇನೆ. ಶುಕ್ರವಾರ ಆಫೀಸು ಮುಗಿಸಿ, ಊಟ ಮಾಡಿ, ರಾತ್ರಿ ಹನ್ನೊಂದಕ್ಕೆ ಊರಿಗೆ ಕಾರು ಹೊರಡಿಸುವುದು. "ರಾತ್ರಿ ಟ್ರಾಫಿಕ್ ಇರಲ್ಲ, ಮಕ್ಕಳೂ ಮಲಗಿರ್ತಾರೆ" ಎಂಬ ಸಮಾಧಾನ ಬೇರೆ. ಬೆಳಿಗ್ಗೆ ಆರಕ್ಕೆ ಎದ್ದವರು ರಾತ್ರಿ ಹನ್ನೊಂದಕ್ಕೆ 17 ಗಂಟೆ ಎಚ್ಚರವಿದ್ದಂತಾಯಿತು. ಅಷ್ಟು ಹೊತ್ತು ನಿದ್ದೆ ಇಲ್ಲದವರ ಚುರುಕು, ರಕ್ತದಲ್ಲಿ ಶೇಕಡಾ 0.05ರಷ್ಟು ಮದ್ಯ ಇರುವವರ ಚುರುಕಿಗೆ ಸಮ ಎಂದು ಸಂಶೋಧನೆಗಳು ತೋರಿಸಿವೆ. ನಮ್ಮ ದೇಶದಲ್ಲಿ ಚಾಲಕರಿಗೆ ಕಾನೂನಿನ ಮಿತಿಯೇ 0.03. ಒಂದು ತೊಟ್ಟು ಕುಡಿಯದಿದ್ದರೂ ನಾವು ಕುಡಿದವರಂತೆ ಓಡಿಸುತ್ತಿರುತ್ತೇವೆ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಮೂರು ಸೆಕೆಂಡ್ ರೆಪ್ಪೆ ಮುಚ್ಚಿದರೆ ಕಾರು 80 ಮೀಟರ್‌ಗೂ ಹೆಚ್ಚು ದೂರ ಹೋಗಿರುತ್ತದೆ.

ಪುಣೆಯಿಂದ ಹುಬ್ಬಳ್ಳಿಗೆ ಸುಮಾರು 430 ಕಿಲೋಮೀಟರ್. ರಾತ್ರಿ ಮಲಗಿ, ಬೆಳಿಗ್ಗೆ ಐದೂವರೆ-ಆರಕ್ಕೆ ಹೊರಡಿ. ಸಾತಾರಾ, ಕೊಲ್ಹಾಪುರ, ಬೆಳಗಾವಿಯಲ್ಲಿ ನಿಂತು ಹೋದರೂ ಮಧ್ಯಾಹ್ನದ ಚಹಾ ಹೊತ್ತಿಗೆ ಊರು ಸೇರುತ್ತೀರಿ. ಮಧ್ಯಾಹ್ನ ಎರಡರಿಂದ ನಾಲ್ಕು, ಬೆಳಗಿನ ಜಾವ ಎರಡರಿಂದ ಆರು, ಈ ಹೊತ್ತಿನಲ್ಲಿ ನಿದ್ದೆ ಹೆಚ್ಚು ಒತ್ತುತ್ತದೆ. ನಿದ್ದೆ ಬಂದರೆ ಹಾಡಿನ ಸದ್ದು ಏರಿಸುವುದು, ಮುಖಕ್ಕೆ ನೀರು ಚಿಮುಕಿಸುವುದು ಸಾಲದು. ಪೆಟ್ರೋಲ್ ಬಂಕ್ ಆವರಣದಲ್ಲೋ ಹೋಟೆಲ್ ಮುಂದೋ ನಿಲ್ಲಿಸಿ, ಒಂದು ಕಾಫಿ ಕುಡಿದು, 20 ನಿಮಿಷ ಮಲಗಿ. ಏಳುವ ಹೊತ್ತಿಗೆ ಕಾಫಿಯೂ ಕೆಲಸ ಶುರು ಮಾಡಿರುತ್ತದೆ.

ಎರಡು ಗಂಟೆಗೊಮ್ಮೆ ಎಲ್ಲರೂ ಇಳಿಯಿರಿ. ನಾಲ್ಕು ಗಂಟೆಗಿಂತ ಹೆಚ್ಚು ಕಾಲು ಮಡಿಚಿ ಕುಳಿತರೆ ಮೀನಖಂಡದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಹೆಚ್ಚುತ್ತದೆ. ಇತ್ತೀಚೆಗೆ ಆಪರೇಷನ್ ಆದವರು, ಗರ್ಭಿಣಿಯರು, ದಪ್ಪ ಮೈಯವರು, ಗರ್ಭನಿರೋಧಕ ಮಾತ್ರೆ ನುಂಗುವವರು ಹೆಚ್ಚು ಜಾಗ್ರತೆ ವಹಿಸಬೇಕು. ಪ್ರವಾಸದ ನಂತರ ಒಂದೇ ಕಾಲು ಊದಿ ನೋಯುತ್ತಿದ್ದರೆ, ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ತಡಮಾಡದೆ ಆಸ್ಪತ್ರೆಗೆ ಹೋಗಿ.

ಹೆಣ್ಣುಮಕ್ಕಳಿಗೆ ಒಂದು ಮಾತು. ಶೌಚಾಲಯ ಸಿಗುವುದಿಲ್ಲವೆಂದು ನಾವು ನೀರೇ ಕುಡಿಯುವುದಿಲ್ಲ. ಮನೆಗೆ ಬಂದ ಮೇಲೆ ಉರಿಮೂತ್ರ, ಚಳಿಜ್ವರ. ಪೆಟ್ರೋಲ್ ಬಂಕ್‌ಗಳು ಶೌಚಾಲಯ, ಕುಡಿಯುವ ನೀರನ್ನು ಉಚಿತವಾಗಿ ಒದಗಿಸಬೇಕೆಂಬ ನಿಯಮವಿದೆ. ಕೇಳಲು ಸಂಕೋಚ ಬೇಡ. ಗಂಡಸರೇ, "ಈಗ ತಾನೇ ನಿಲ್ಲಿಸಿದ್ವಲ್ಲ" ಅನ್ನಬೇಡಿ.

ಮಕ್ಕಳಿಗೆ ಘಾಟಿಯಲ್ಲಿ ವಾಂತಿ ಆಗಲು ಕಾರಣವಿದೆ. ಒಳಕಿವಿ ಕಾರು ತಿರುಗುತ್ತಿದೆ ಎನ್ನುತ್ತದೆ, ಮೊಬೈಲ್ ನೋಡುವ ಕಣ್ಣು ಏನೂ ಅಲುಗುತ್ತಿಲ್ಲ ಎನ್ನುತ್ತದೆ. ಈ ಎರಡು ಸುದ್ದಿ ಹೊಂದದೆ ಮೆದುಳು ಗಲಿಬಿಲಿಗೊಳ್ಳುತ್ತದೆ. ಘಾಟಿ ಬರುವ ಮೊದಲೇ ಮೊಬೈಲ್ ತೆಗೆದಿಡಿಸಿ, ದೂರದ ಬೆಟ್ಟ ನೋಡಲು ಹೇಳಿ, ಕಿಟಕಿ ಸ್ವಲ್ಪ ತೆರೆಯಿರಿ, ಹೊಟ್ಟೆ ಬಿರಿಯುವಷ್ಟು ತಿನ್ನಿಸಬೇಡಿ. ಅವೊಮಿನ್‌ನಂಥ ವಾಂತಿ ಮಾತ್ರೆಯನ್ನು ಎರಡು ವರ್ಷದೊಳಗಿನ ಮಗುವಿಗೆ ಕೊಡಲೇಬಾರದು. ದೊಡ್ಡ ಮಕ್ಕಳಿಗೂ ವೈದ್ಯರನ್ನು ಕೇಳಿಯೇ ಕೊಡಿ. ಅದು ನಿದ್ದೆ ತರಿಸುತ್ತದೆ, ಹಾಗಾಗಿ ಕಾರು ಓಡಿಸುವವರಿಗೆ ಬೇಡ. ಪ್ರಾಸ್ಟೇಟ್ ತೊಂದರೆ ಇರುವ ಹಿರಿಯರಿಗೆ ಮೂತ್ರ ಕಟ್ಟಿಕೊಳ್ಳಬಹುದು.

ಮಗುವನ್ನು ಮುಂದಿನ ಸೀಟಿನಲ್ಲಿ ತೊಡೆಯ ಮೇಲೆ ಕೂರಿಸಿಕೊಳ್ಳಬೇಡಿ. ಅಪಘಾತವಾದರೆ ನಮ್ಮ ತೋಳು ಮಗುವನ್ನು ಹಿಡಿಯಲಾರದು, ಏರ್‌ಬ್ಯಾಗ್ ತೆರೆದರೆ ಮಗುವಿಗೇ ಪೆಟ್ಟು. ಹಿಂದೆ ಕೂತವರಿಗೂ ಬೆಲ್ಟ್ ಬೇಕು. ನಿಲ್ಲಿಸಿದ ಕಾರಿನಲ್ಲಿ ಮಲಗಿದ ಮಗುವನ್ನಾಗಲಿ ಅಜ್ಜಿಯನ್ನಾಗಲಿ ಬಿಟ್ಟು ಹೋಗಬೇಡಿ. ಗಾಜು ಮುಚ್ಚಿದ ಕಾರಿನ ಒಳಗೆ ಬಿಸಿಲಿಗೆ ಹತ್ತೇ ನಿಮಿಷದಲ್ಲಿ ಸುಮಾರು 10 ಡಿಗ್ರಿ ಶಾಖ ಏರುತ್ತದೆ.

*4. ಬೆಟ್ಟದ ಮೇಲೆ*

ಮೊದಲ ನಿಯಮ ಈ ಲೇಖನದ ತಲೆಬರಹದಲ್ಲೇ ಇದೆ. ಎಲ್ಲರಿಗಿಂತ ನಿಧಾನ ನಡೆಯುವವರನ್ನು ಮುಂದೆ ಬಿಡಿ. ಅವರ ಹಿಂದೆ ಮಕ್ಕಳು, ಕೊನೆಯಲ್ಲಿ ಗಟ್ಟಿಮುಟ್ಟಾದ ಒಬ್ಬರು. ನಿಧಾನದವರು ಹಿಂದೆ ಇದ್ದರೆ ಏನಾಗುತ್ತದೆ ಗೊತ್ತೇ? ಮುಂದಿನವರು ನಿಂತು ದಣಿವಾರಿಸಿಕೊಳ್ಳುತ್ತಾರೆ. ಇವರು ಬಂದು ಸೇರುವ ಹೊತ್ತಿಗೆ "ಬಂದ್ರಾ, ಇನ್ನು ಹೊರಡೋಣ" ಎಂದು ಎದ್ದುಬಿಡುತ್ತಾರೆ. ವಿಶ್ರಾಂತಿ ಬೇಕಾದವರಿಗೇ ವಿಶ್ರಾಂತಿ ಇಲ್ಲ.

ಎರಡನೆಯದು, ಮಾತಿನ ಪರೀಕ್ಷೆ. ನಡೆಯುತ್ತಾ ಒಂದು ಪೂರ್ತಿ ವಾಕ್ಯ ಹೇಳಲು ಆಗಬೇಕು. ಆಗದಿದ್ದರೆ ವೇಗ ಹೆಚ್ಚಾಗಿದೆ. ಹಿರಿಯರನ್ನು "ಆರಾಮ ಇದೀರಾ?" ಎಂದು ಕೇಳಬೇಡಿ, "ಹೂಂ" ಎಂದಷ್ಟೇ ಉತ್ತರ ಬರುತ್ತದೆ. "ನಿನ್ನೆ ಊರಿಂದ ಯಾರು ಫೋನ್ ಮಾಡಿದ್ರು, ಏನಂದ್ರು?" ಎಂದು ಕೇಳಿ. ಉತ್ತರದ ಉದ್ದ, ಉಸಿರು, ಅರ್ಥ ಮೂರೂ ಗೊತ್ತಾಗುತ್ತವೆ.

ಮೂರನೆಯದು, ವಾಪಸಾಗುವ ಹೊತ್ತು. ಮನೆಯಲ್ಲೇ ನಿರ್ಧರಿಸಿ: "ಹನ್ನೊಂದಕ್ಕೆ ಎಲ್ಲಿದ್ದರೂ ತಿರುಗುತ್ತೇವೆ." ತುದಿ ಕಾಣುತ್ತಿದ್ದರೂ ತಿರುಗಿ. ಇಳಿಯುವಾಗ ಮಂಡಿಯ ಮೇಲೆ ಭಾರ ಹೆಚ್ಚು, ದಣಿದ ಕಾಲು ಜಾರುವುದೂ ಆಗಲೇ. ಅರ್ಧ ಶಕ್ತಿಯನ್ನು ಇಳಿಯಲು ಉಳಿಸಿಕೊಳ್ಳಬೇಕು. ಹಿಡಿತ ಸವೆದ ಬೂಟು, ಚಪ್ಪಲಿ ಬೇಡ. ಮಂಡಿ ನೋವಿದ್ದವರಿಗೆ ಒಂದು ಕೋಲು ಇರಲಿ.

ಎದೆ ಬಿಗಿತ, ಎಡಗೈಗೆ, ದವಡೆಗೆ, ಬೆನ್ನಿಗೆ ಹರಡುವ ನೋವು, ತಣ್ಣನೆ ಬೆವರು ಬಂದರೆ "ಗ್ಯಾಸ್ ಇರಬೇಕು" ಅನ್ನಬೇಡಿ. ಸಕ್ಕರೆ ಕಾಯಿಲೆಯವರಲ್ಲಿ, ಹೆಂಗಸರಲ್ಲಿ ಎದೆ ನೋವಿಲ್ಲದೆ ಬರೀ ಉಸಿರುಕಟ್ಟು, ವಾಂತಿ, ವಿಪರೀತ ಸುಸ್ತು ಆಗಿಯೂ ಹೃದಯಾಘಾತ ಬರಬಹುದು. ಅಲ್ಲೇ ಕೂರಿಸಿ, ಒಂದು ಹೆಜ್ಜೆಯೂ ನಡೆಸಬೇಡಿ. ವೈದ್ಯರು ಮೊದಲೇ ಬರೆದುಕೊಟ್ಟ ನಾಲಿಗೆಯಡಿಯ ಮಾತ್ರೆ ಇದ್ದರೆ ಅವರು ಹೇಳಿದಂತೆ ಕೊಡಿ. 112 ಅಥವಾ 108ಕ್ಕೆ ಕರೆ ಮಾಡಿ. ಹೊತ್ತು ಇಳಿಸಲು ಸುತ್ತಲಿನವರನ್ನು ಕೂಗಿ.

ಮಳೆಗಾಲದಲ್ಲೂ ನೀರು ಬೇಕು. ಬೆವರು ಮಳೆನೀರಿನಲ್ಲಿ ಬೆರೆತು ಗೊತ್ತಾಗುವುದಿಲ್ಲ ಅಷ್ಟೇ. ಏರುವಾಗ ಗಂಟೆಗೆ ಅರ್ಧ ಲೀಟರ್ ಲೆಕ್ಕವಿರಲಿ. ಹೃದಯ, ಕಿಡ್ನಿ ಕಾಯಿಲೆಗೆ ನೀರಿನ ಮಿತಿ ಹೇಳಿಸಿಕೊಂಡವರು ವೈದ್ಯರ ಮಾತನ್ನೇ ಪಾಲಿಸಬೇಕು. ಭೇದಿ, ವಾಂತಿ ಆದರೆ ಒಂದು ಪೊಟ್ಟಣ ಓಆರ್‌ಎಸ್ ಅನ್ನು ಅದರ ಮೇಲೆ ಬರೆದಷ್ಟೇ ನೀರಿಗೆ ಹಾಕಿ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಕುಡಿಯುವ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚ ಮಟ್ಟಸವಾಗಿರಲಿ, ಗುಡ್ಡೆ ಬೇಡ.

*5. ನೀರು ಮತ್ತು ಸಿಡಿಲು*

2024ರ ಜೂನ್ 30ರಂದು ಲೋಣಾವಳದ ಭುಷಿ ಅಣೆಕಟ್ಟಿನ ಹತ್ತಿರದ ಜಲಪಾತದಲ್ಲಿ ಒಂದೇ ಕುಟುಂಬದ ಐವರು ಕೊಚ್ಚಿಹೋದರು. ಅವರಲ್ಲಿ ಮಕ್ಕಳೂ ಇದ್ದರು. ಭಾನುವಾರ ಸಂತೋಷಕ್ಕೆಂದು ಬಂದವರು, ನಮ್ಮ ನಿಮ್ಮಂತೆಯೇ. ಬೆಟ್ಟದ ಮೇಲೆ ಬಿದ್ದ ಮಳೆ ಕೆಳಗೆ ಬರಲು ಸ್ವಲ್ಪ ಹೊತ್ತು ಬೇಕು. ಹಾಗಾಗಿ ನಾವು ನಿಂತಲ್ಲಿ ಮಳೆ ಇಲ್ಲದಿದ್ದರೂ ನೀರು ಏಕಾಏಕಿ ಏರುತ್ತದೆ. ನೀರಿನ ಬಣ್ಣ ಕೆಂಪಾಯಿತೇ, ಎಲೆ-ಕಡ್ಡಿ ತೇಲಿ ಬಂತೇ, ಸದ್ದು ಹೆಚ್ಚಿತೇ? ಚೀಲ, ಚಪ್ಪಲಿ ಹುಡುಕಬೇಡಿ, ದಡ ಏರಿ. ಮೊಣಕಾಲು ಮಟ್ಟದ ನೀರೂ ದೊಡ್ಡವರನ್ನು ಬೀಳಿಸುತ್ತದೆ. ನನ್ನನ್ನು ಕೇಳಿದರೆ ಮಳೆಗಾಲದ ಜಲಪಾತ ದೂರದಿಂದ ನೋಡಲು ಮಾತ್ರ.

ಕೋಟೆಯ ನೆತ್ತಿ ಸಿಡಿಲಿಗೆ ಬಯಲು ಜಾಗ. ಮಿಂಚು ಕಂಡು 30 ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತಿರವಿದೆ ಎಂದರ್ಥ. ಒಂಟಿ ಮರದಡಿ ನಿಲ್ಲದೆ ಕೆಳಗಿಳಿಯಿರಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆಯವರೆಗೆ ಮತ್ತೆ ಏರಬೇಡಿ.

*6. ಕಾಡಿನ ದಾರಿ, ಊರಿನ ದಾರಿ*

ಮಲೆನಾಡಿನವರಿಗೆ ಇಂಬಳ ಹೊಸದಲ್ಲ, ಮುಂಬೈಯಲ್ಲಿ ಹುಟ್ಟಿದ ಮಕ್ಕಳು ಮಾತ್ರ ಕಿರುಚಿಕೊಳ್ಳುತ್ತಾರೆ. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶ ಇರುವುದರಿಂದ ಕಿತ್ತ ಮೇಲೂ ಸ್ವಲ್ಪ ಹೊತ್ತು ರಕ್ತ ಒಸರುತ್ತದೆ. ಉಗುರಿನಿಂದ ಮೆಲ್ಲಗೆ ಜಾರಿಸಿ ತೆಗೆದು, ಸೋಪು ನೀರಿನಲ್ಲಿ ತೊಳೆದು, ಒತ್ತಿ ಹಿಡಿದರೆ ಸಾಕು.

ಹೆದರಬೇಕಾದದ್ದು ಉಣುಗಿಗೆ. ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಇಂದು ಅದು ಮಹಾರಾಷ್ಟ್ರದ ಸಿಂಧುದುರ್ಗ, ಗೋವಾ, ಕೇರಳದ ವಯನಾಡಿನಲ್ಲೂ ಕಾಣಿಸಿಕೊಂಡಿದೆ. ಡಿಸೆಂಬರಿನಿಂದ ಮೇ ತನಕ, ಅಂದರೆ ನಾವು ಕ್ರಿಸ್‌ಮಸ್ ರಜೆ, ಬೇಸಿಗೆ ರಜೆ ಎಂದು ಊರಿಗೆ ಹೋಗುವ ಹೊತ್ತಿಗೇ, ಅದರ ಕಾಟ ಹೆಚ್ಚು. ಆ ಕಡೆ ಕಾಡಿಗೆ ಹೋದರೆ ತುಂಬು ತೋಳಿನ ಅಂಗಿ, ಪ್ಯಾಂಟನ್ನು ಸಾಕ್ಸಿನೊಳಗೆ ಸೇರಿಸಿ. ಆರೋಗ್ಯ ಕೇಂದ್ರದವರು ಕೊಡುವ ಉಣುಗು ನಿರೋಧಕ ಎಣ್ಣೆ ಹಚ್ಚಿ. ಮನೆಗೆ ಬಂದ ತಕ್ಷಣ ಬಿಸಿನೀರು ಸ್ನಾನ ಮಾಡಿ ಮೈಯೆಲ್ಲ ನೋಡಿಕೊಳ್ಳಿ. ಮಂಗ ಸತ್ತು ಬಿದ್ದ ಜಾಗದ ಹತ್ತಿರ ಸುಳಿಯಬೇಡಿ.

ಹೊರನಾಡಿನವರಾದ ನಮಗೆ ಇಲ್ಲೊಂದು ಬೇರೆ ಸಮಸ್ಯೆ ಇದೆ. ಜ್ವರ ಬರುವ ಹೊತ್ತಿಗೆ ನಾವು ವಾಪಸ್ ಬಂದಿರುತ್ತೇವೆ. ಮುಂಬೈಯ, ಚೆನ್ನೈಯ ವೈದ್ಯರು ಡೆಂಗೆ, ಮಲೇರಿಯಾ ನೋಡುತ್ತಾರೆ. ನೀವು ಕಾಡಿಗೆ ಹೋಗಿದ್ದು ನೀವು ಹೇಳದೆ ಅವರಿಗೆ ಹೇಗೆ ಗೊತ್ತಾಗಬೇಕು? ಕೆಸರು ನೀರಿನಿಂದ ಬರುವ ಇಲಿಜ್ವರವೂ ಹಾಗೆಯೇ. ಪ್ರವಾಸದಿಂದ ಬಂದ ಮೂರು ವಾರದೊಳಗೆ ಜ್ವರ ಬಂದರೆ ಮೊದಲ ಮಾತೇ ಇದಾಗಲಿ: "ಡಾಕ್ಟ್ರೇ, ನಾವು ಇಂಥ ಕಾಡಿಗೆ, ಇಂಥ ದಿನ ಹೋಗಿದ್ದೆವು."

ಹಾವು ಕಚ್ಚಿದರೆ ಕೊಯ್ಯಬೇಡಿ, ಹೀರಬೇಡಿ, ಹಗ್ಗ ಬಿಗಿಯಬೇಡಿ. ಉಂಗುರ, ಬಳೆ, ಕಾಲುಂಗುರ ತೆಗೆದು, ಕಚ್ಚಿದ ಕೈಕಾಲು ಅಲುಗದಂತೆ ಇರಿಸಿ ಆಸ್ಪತ್ರೆಗೆ ಸಾಗಿಸಿ. ಹಾವನ್ನು ಹುಡುಕಿ ಹೊಡೆಯಲು ಹೋಗಿ ಹೊತ್ತು ಕಳೆಯಬೇಡಿ.

*7. ದಿಲ್ಲಿಯ ಬಂಧುಗಳಿಗೆ*

ನಿಮ್ಮ ಬೆಟ್ಟಗಳ ಲೆಕ್ಕವೇ ಬೇರೆ. 2,500 ಮೀಟರ್ ದಾಟಿದ ಮೇಲೆ ಗಾಳಿ ತೆಳುವಾಗಿ ಎತ್ತರದ ಕಾಯಿಲೆ ಬರಬಹುದು. ಮನಾಲಿ ಸುಮಾರು 2,000 ಮೀಟರ್, ರೋಹ್ತಾಂಗ್ 3,900 ದಾಟುತ್ತದೆ, ಲೇಹ್ ಸುಮಾರು 3,500, ಕೇದಾರನಾಥವೂ ಹತ್ತಿರಹತ್ತಿರ ಅಷ್ಟೇ. ಯುವಕರಿಗೆ, ಜಿಮ್‌ಗೆ ಹೋಗುವವರಿಗೆ ಬರುವುದಿಲ್ಲ ಎಂಬುದು ಸುಳ್ಳು. ತಲೆನೋವು, ವಾಕರಿಕೆ, ನಿದ್ದೆ ಬಾರದಿರುವುದು ಮೊದಲ ಸೂಚನೆ. ಆಗ ಇನ್ನೂ ಮೇಲೆ ಹೋಗಬೇಡಿ. ಕುಳಿತಲ್ಲೇ ಉಸಿರುಕಟ್ಟು, ಕೆಮ್ಮು, ತೂರಾಟ, ಗೊಂದಲ ಕಂಡರೆ ರಾತ್ರಿಯಾದರೂ ಕೆಳಗಿಳಿಸಬೇಕು, ಇಳಿಯುವುದೇ ಮದ್ದು. 3,000 ಮೀಟರ್ ಮೇಲೆ ಹೋದ ನಂತರ ಮಲಗುವ ಜಾಗದ ಎತ್ತರ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರದಂತೆ ಯೋಜಿಸಿ. ಅಪ್ಪ-ಅಮ್ಮನನ್ನು ಊರಿಂದ ಕರೆಸಿ ಮೂರೇ ದಿನದಲ್ಲಿ ಕೇದಾರ ಮುಗಿಸುವ ಅವಸರ ಮಾತ್ರ ದಯವಿಟ್ಟು ಬೇಡ.

*8. ಚೀಲದಲ್ಲಿ ಇರಬೇಕಾದದ್ದು*

– ದಿನನಿತ್ಯದ ಮಾತ್ರೆ, ಚೀಟಿ, ಗ್ಲುಕೋಮೀಟರ್
– ಗ್ಲೂಕೋಸ್ ಪುಡಿ ಅಥವಾ ಸಕ್ಕರೆ (ಎರಡು ಚೀಲದಲ್ಲಿ, ಒಂದು ಹಿರಿಯರ ಜೇಬಿನಲ್ಲೇ)
– ಓಆರ್‌ಎಸ್, ಪ್ಯಾರಾಸಿಟಮಾಲ್, ಅಸ್ತಮಾದವರ ಪಂಪು
– ಬ್ಯಾಂಡೇಜ್, ಹತ್ತಿ, ಕತ್ತರಿ, ಚಿಮುಟ
– ಸೀಟಿ, ಟಾರ್ಚು, ಒಂದು ಜೊತೆ ಒಣ ಬಟ್ಟೆ
– ನಂಬರುಗಳು: ತುರ್ತಿಗೆ 112, ಆಂಬುಲೆನ್ಸ್ 108, ರಾಷ್ಟ್ರೀಯ ಹೆದ್ದಾರಿಯಲ್ಲಿ 1033

ಬೆಟ್ಟದಲ್ಲಿ ನೆಟ್‌ವರ್ಕ್ ಇರುವುದಿಲ್ಲ. ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ಪಕ್ಕದ ಮನೆಯವರಿಗೋ ಗ್ರೂಪಿಗೋ ತಿಳಿಸಿ ಹೊರಡಿ.

*ಕೊನೆಗೊಂದು ಮಾತು*

ಇಷ್ಟೆಲ್ಲ ಓದಿ "ಹಾಗಾದರೆ ಹಿರಿಯರನ್ನು ಮನೆಯಲ್ಲೇ ಬಿಟ್ಟು ಹೋಗುವುದೇ ಒಳ್ಳೆಯದು" ಅಂದುಕೊಳ್ಳಬೇಡಿ. ಊರಿನಲ್ಲಿ ಹೊಲ, ಗುಡಿ, ಕಟ್ಟೆ ಎಂದು ಓಡಾಡಿದವರು ಇಲ್ಲಿ ಏಳನೇ ಮಹಡಿಯ ಬಾಲ್ಕನಿಯಲ್ಲಿ ಕೂತು ನಮ್ಮ ದಾರಿ ಕಾಯುತ್ತಾರೆ. ಭಾಷೆ ಬಾರದ ಊರಿನಲ್ಲಿ ಅವರಿಗೆ ಪರಿಚಿತವಾದದ್ದು ಎಂದರೆ ಗಿಡ, ಮಣ್ಣು, ಮಳೆ. ಅವರನ್ನು ಕರೆದುಕೊಂಡು ಹೋಗಲೇಬೇಕು, ಅವರ ಹೆಜ್ಜೆಗೆ ತಕ್ಕಂತೆ.

ಕಳೆದ ಚಳಿಗಾಲದಲ್ಲಿ ನಾವು ಮತ್ತೆ ಸಿಂಹಗಡಕ್ಕೆ ಹೋದೆವು. ಈ ಸಲ ಕಾರಿನ ರಸ್ತೆಯಲ್ಲಿ, ಹೊಟ್ಟೆ ತುಂಬ ಅವಲಕ್ಕಿ ತಿಂದು. ಮೇಲೆ ಕಾರು ನಿಲ್ಲಿಸಿ ನಡೆದ ದಾರಿಯಲ್ಲಿ ಮಾವನವರೇ ಮುಂದೆ. ಅವರು ನಿಂತಲ್ಲಿ ನಾವೆಲ್ಲ ನಿಂತೆವು. ನಿಂತಲ್ಲೆಲ್ಲ ಮೊಮ್ಮಕ್ಕಳಿಗೆ ಒಂದೊಂದು ಗಿಡದ ಹೆಸರು ಹೇಳಿದರು. ಅವರಿಗೆ ಅಷ್ಟು ಗಿಡ ಗೊತ್ತಿದೆಯೆಂದು ನನಗೂ ಅಂದೇ ತಿಳಿದದ್ದು. ಕೋಟೆಯ ಕೊನೆಯ ಬುರುಜಿನವರೆಗೆ ಹೋಗಲಿಲ್ಲ. ಅರ್ಧಕ್ಕೇ ಕುಳಿತು ಪಿಠ್ಲ-ಭಾಕರಿ, ಕುಡಿಕೆಯ ಮೊಸರು ತಿಂದೆವು. "ನಮ್ಮ ಜುಣಕಕ್ಕ ಇನ್ನಷ್ಟು ಖಾರ ಇರತದ" ಅಂದರು ಮಾವನವರು.

ಈ ಭಾನುವಾರ ಹೊರಡುವವರಿದ್ದರೆ ಇಂದೇ ಮನೆಯ ಹಿರಿಯರ ಪಕ್ಕ ಕುಳಿತು, ಅವರು ಯಾವ ಮಾತ್ರೆ ನುಂಗುತ್ತಾರೆ, ಎಷ್ಟು ಹೊತ್ತಿಗೆ, ಏನು ತಿಂದು ಎಂದು ಕೇಳಿ ಬರೆದಿಟ್ಟುಕೊಳ್ಳಿ. ಹತ್ತು ನಿಮಿಷದ ಕೆಲಸ.

ಇದು ಸಾಮಾನ್ಯ ತಿಳಿವಳಿಕೆಗಾಗಿ ಬರೆದದ್ದು. ನಿಮ್ಮ ಕಾಯಿಲೆ, ನಿಮ್ಮ ಮಾತ್ರೆಯ ವಿಷಯದಲ್ಲಿ ನಿಮ್ಮ ವೈದ್ಯರ ಮಾತೇ ಅಂತಿಮ. ಉಪಯುಕ್ತ ಅನಿಸಿದರೆ ನಿಮ್ಮ ಬಳಗದ ಕನ್ನಡ ಕುಟುಂಬಗಳಿಗೆ ಕಳುಹಿಸಿ.

ಸುಖವಾಗಿ ಹೋಗಿ, ಸುಖವಾಗಿ ಬನ್ನಿ.